ಏಳರಲ್ಲಿ ಒಮ್ಮೆ, ಎಪ್ಪತ್ತೇಳರಲ್ಲಿ ಮತ್ತೊಮ್ಮೆ

ಮಕ್ಕಳೇ, ಕಲಬುರಗಿ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ತೊಗರಿ ಬೇಳೆ, ಸುಡುವ ಬಿಸಿಲು, ಶರಣಬಸವೇಶ್ವರರ ಜಾತ್ರೆ, ಅಲ್ಲವೇ? ಇವುಗಳ ಜೊತೆಗೇ ಹೇಳಬೇಕಾದ ಇನ್ನೊಂದು ಹೆಸರಿದೆ. ಅದು ಖ್ವಾಜಾ ಬಂದೇ ನವಾಜ್. ಆರು ನೂರು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಬಾಳಿದ ಸೂಫಿ ಸಂತ ಅವರು.

ನಾನು ಕಲಬುರಗಿಯ ಶಾಲೆಯೊಂದರಲ್ಲಿ ಇತಿಹಾಸ ಪಾಠ ಹೇಳಿದ ಮೇಷ್ಟ್ರು. ದರ್ಗಾದ ಮುಂದೆ ನೂರಾರು ಸಲ ಓಡಾಡಿದ್ದೇನೆ. ಪ್ರತಿ ವರ್ಷ ಹೊಸ ತರಗತಿಯ ಮಕ್ಕಳು, "ಸರ್, ಅವರು ಏನು ಪವಾಡ ಮಾಡಿದ್ದರು?" ಎಂದು ಕೇಳುತ್ತಿದ್ದರು. ಪವಾಡದ ಕಥೆಗಳು ಬೇಕಾದಷ್ಟಿವೆ. ಆದರೆ ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಎರಡು ಪ್ರಯಾಣ. ಒಂದನ್ನು ಅವರು ಸುಮಾರು ಏಳನೆಯ ವಯಸ್ಸಿನಲ್ಲಿ ಮಾಡಿದರು, ಇನ್ನೊಂದನ್ನು ಎಪ್ಪತ್ತೇಳನೆಯ ವಯಸ್ಸಿನಲ್ಲಿ. ಎರಡೂ ದೆಹಲಿಯಿಂದ ದಕ್ಷಿಣದ ಕಡೆಗೆ. ಎರಡು ಸಲವೂ ಮನೆ ಬಿಟ್ಟು ಹೊರಟದ್ದು ಅನಿವಾರ್ಯದಿಂದಲೇ.

ಮೊದಲ ಪ್ರಯಾಣ

ಅವರ ನಿಜವಾದ ಹೆಸರು ಸೈಯದ್ ಮುಹಮ್ಮದ್ ಹುಸೈನಿ. ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಆಗ ದೆಹಲಿಯಲ್ಲಿ ತುಘಲಕರ ಆಳ್ವಿಕೆ.

ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ನಿಮ್ಮ ಅಜ್ಜ ಅಜ್ಜಿ ನೋಡಿರಬಹುದು, ಇಲ್ಲವೇ ಓದಿರಬಹುದು. ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ದೇವಗಿರಿಗೆ ದೌಲತಾಬಾದ್ ಎಂದು ಹೆಸರಿಟ್ಟು, ಅದನ್ನು ತನ್ನ ರಾಜಧಾನಿ ಮಾಡಲು ಹೊರಟ. ದೆಹಲಿಯ ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು ತಮ್ಮ ಮನೆಮಂದಿಯೊಂದಿಗೆ ಅಲ್ಲಿಗೆ ಹೋಗಬೇಕಾಯಿತು. ದೌಲತಾಬಾದ್ ಇರುವುದು ಈಗಿನ ಮಹಾರಾಷ್ಟ್ರದಲ್ಲಿ. ದೆಹಲಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ರೈಲಿಲ್ಲ, ಬಸ್ಸಿಲ್ಲ. ಹಾಗೆ ಹೊರಟ ಕುಟುಂಬಗಳಲ್ಲಿ ಬಾಲಕ ಮುಹಮ್ಮದನ ಕುಟುಂಬವೂ ಒಂದು.

ತಂದೆ ಸೈಯದ್ ಯೂಸುಫ್ ದೈವಭಕ್ತರು. ದೆಹಲಿಯ ಮಹಾ ಸೂಫಿ ನಿಜಾಮುದ್ದೀನ್ ಔಲಿಯಾ ಅವರಲ್ಲಿ ಅಪಾರ ಶ್ರದ್ಧೆ ಇಟ್ಟವರು. ಮನೆಯಲ್ಲಿ ಹಿರಿಯರು ಆ ಗುರುಗಳ ಕಥೆ ಹೇಳುತ್ತಿದ್ದರು. ಮುಂದೆ ಹುಡುಗನ ಬದುಕಿಗೆ ದಾರಿ ತೋರಿಸಿದ್ದು ಈ ಕಥೆಗಳೇ.

ದೌಲತಾಬಾದಿಗೆ ಬಂದು ಕೆಲವೇ ವರ್ಷಗಳಾಗಿತ್ತು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಹತ್ತಿರದ ಖುಲ್ದಾಬಾದಿನಲ್ಲಿ ಅವರ ಸಮಾಧಿಯಾಯಿತು. ಮತ್ತೆ ನಾಲ್ಕೈದು ವರ್ಷಗಳಲ್ಲಿ ತಾಯಿ ಮಕ್ಕಳನ್ನು ಕಟ್ಟಿಕೊಂಡು ದೆಹಲಿಗೆ ಮರಳಿದರು. ಹೋಗುವಾಗ ತಂದೆಯ ಕೈ ಹಿಡಿದು ಹೋದ ಹುಡುಗ, ಬರುವಾಗ ತಂದೆಯನ್ನು ಅಲ್ಲೇ ಮಣ್ಣಿನಲ್ಲಿ ಬಿಟ್ಟು ಬಂದಿದ್ದ.

ದೆಹಲಿಯ ದೀಪ

ದೆಹಲಿಯಲ್ಲಿ ಆಗ ನಿಜಾಮುದ್ದೀನ್ ಔಲಿಯಾ ಇರಲಿಲ್ಲ. ಅವರ ಸ್ಥಾನದಲ್ಲಿ ಅವರ ಶಿಷ್ಯ ನಾಸಿರುದ್ದೀನ್ ಇದ್ದರು. ಜನ ಅವರನ್ನು 'ಚಿರಾಗ್-ಎ-ದೆಹಲಿ' ಎನ್ನುತ್ತಿದ್ದರು, ಅಂದರೆ ದೆಹಲಿಯ ದೀಪ. ಅಜ್ಮೀರದ ಖ್ವಾಜಾ ಮೊಯಿನುದ್ದೀನ್ ಚಿಶ್ತಿ ಅವರಿಂದ ಗುರುವಿನಿಂದ ಶಿಷ್ಯನಿಗೆ ಎಂದು ಹರಿದುಬಂದ ಪರಂಪರೆ ಅದು. ಒಂದು ಹಣತೆಯಿಂದ ಇನ್ನೊಂದು ಹಣತೆ ಹಚ್ಚಿದ ಹಾಗೆ.

ಸೂಫಿ ಎಂದರೆ ಯಾರು? ಮಕ್ಕಳಿಗೆ ನಾನು ಹೀಗೆ ಹೇಳುತ್ತಿದ್ದೆ. ಇಸ್ಲಾಂ ಧರ್ಮದಲ್ಲಿ ನಮಾಜು, ಉಪವಾಸ ಎಲ್ಲ ಮುಸ್ಲಿಮರಿಗೂ ಇವೆ. ಅವನ್ನೆಲ್ಲ ಮಾಡುತ್ತಲೇ, ದೇವರನ್ನು ಹೆದರಿಕೆಗಿಂತ ಹೆಚ್ಚಾಗಿ ಪ್ರೀತಿಯಿಂದ ಕಾಣಬೇಕು, ಅದಕ್ಕಾಗಿ ಮನಸ್ಸಿನ ಕಸ ಗುಡಿಸಬೇಕು ಎಂದು ಹೊರಟವರು ಸೂಫಿಗಳು. ದೇವರ ಹೆಸರನ್ನು ಉಸಿರು ಉಸಿರಿಗೂ ನೆನೆಯುವುದು ಅವರ ಸಾಧನೆ. ಚಿಶ್ತಿ ಸೂಫಿಗಳು ಸಂಗೀತವನ್ನೂ ಸಾಧನೆಯ ದಾರಿಯೆಂದು ಒಪ್ಪಿಕೊಂಡವರು. ಅವರು ಇರುವ ಜಾಗಕ್ಕೆ 'ಖಾನಖಾ' ಎನ್ನುತ್ತಾರೆ. ನಮ್ಮ ಮಠದ ಹಾಗೆ ಅಂದುಕೊಳ್ಳಿ. ಹಸಿದವನಿಗೆ ಊಟ, ನೊಂದವನಿಗೆ ಎರಡು ಒಳ್ಳೆಯ ಮಾತು, ಕಲಿಯುವವನಿಗೆ ಪಾಠ.

ಶುಕ್ರವಾರದ ನಮಾಜಿಗೆ ಹೋದಾಗ ಹುಡುಗ ನಾಸಿರುದ್ದೀನರನ್ನು ಕಂಡ. ಅವರ ಶಿಷ್ಯನಾದ. ಆಗ ವಯಸ್ಸು ಹದಿನೈದರ ಸುಮಾರು. ಒಂದು ಹಂತದಲ್ಲಿ ಅವನಿಗೆ ಪುಸ್ತಕ ಸಾಕೆನಿಸಿತು. ಓದು ಬಿಟ್ಟು ಧ್ಯಾನದಲ್ಲೇ ಮುಳುಗಿಬಿಡುತ್ತೇನೆ ಎಂದು ಗುರುಗಳಲ್ಲಿ ಕೇಳಿಕೊಂಡ. ಗುರುಗಳು ಒಪ್ಪಲಿಲ್ಲ. ಮೊದಲು ಓದು ಮುಗಿಸು ಎಂದರು. ಅವನು ಓದು ಮುಗಿಸಿಯೇ ಧ್ಯಾನಕ್ಕೆ ಕೂತ. ಈ ಕಥೆ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ನಿಟ್ಟುಸಿರು ಕೇಳಿಬರುತ್ತಿತ್ತು!

ಆ ಗುರುಗಳ ಬಗ್ಗೆ ಒಂದು ಘಟನೆ ಹೇಳಲೇಬೇಕು. ಒಮ್ಮೆ ನಾಸಿರುದ್ದೀನರು ಒಬ್ಬರೇ ಪ್ರಾರ್ಥನೆಯಲ್ಲಿದ್ದಾಗ ಒಬ್ಬ ಅಲೆಮಾರಿ ಫಕೀರ ಒಳನುಗ್ಗಿ ಚೂರಿಯಿಂದ ಹಲವು ಸಲ ಇರಿದ. ರಕ್ತ ಬಚ್ಚಲ ತೂಬಿನಿಂದ ಹೊರಗೆ ಹರಿದಾಗಲೇ ಶಿಷ್ಯರಿಗೆ ಗೊತ್ತಾದದ್ದು. ಓಡಿಬಂದು ಅವನನ್ನು ಹಿಡಿದರು. ಆದರೆ ಗುರುಗಳು ಅವನ ಮೇಲೆ ಯಾರೂ ಕೈಮಾಡಕೂಡದು ಎಂದು ಶಿಷ್ಯರಿಂದ ಮಾತು ತೆಗೆದುಕೊಂಡರು. ಹಣ ಕೊಟ್ಟು ಅವನನ್ನು ಕಳುಹಿಸಿಬಿಟ್ಟರು. ಗುರುಗಳು ಬದುಕಿ ಉಳಿದರು. ಕ್ಷಮೆಯ ಪಾಠವನ್ನು ಅವರ ಶಿಷ್ಯರು ಹೀಗೆ ಕಣ್ಣಾರೆ ಕಂಡು ಕಲಿತರು.

ಉದ್ದ ಕೂದಲಿನ ಕಥೆ

"ಸರ್, ಅವರಿಗೆ ಗೇಸುದರಾಜ್ ಅಂತ ಯಾಕೆ ಹೆಸರು?" ಇದು ಮಕ್ಕಳ ಎರಡನೆಯ ಪ್ರಶ್ನೆ. ಪಾರಸಿ ಭಾಷೆಯಲ್ಲಿ 'ಗೇಸು' ಎಂದರೆ ಕೇಶ, 'ದರಾಜ್' ಎಂದರೆ ಉದ್ದ. ಶಿಷ್ಯರೆಲ್ಲ ಸೇರಿ ಗುರುಗಳ ಪಲ್ಲಕ್ಕಿ ಹೊರುವಾಗ ಇವರ ನೀಳ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ನಿಲ್ಲಿಸಿ ಬಿಡಿಸಿಕೊಂಡರೆ ಗುರುಗಳಿಗೆ ತೊಂದರೆಯಾದೀತು ಎಂದು, ನೋವು ನುಂಗಿಕೊಂಡು ಹಾಗೆಯೇ ಬಹುದೂರ ನಡೆದರಂತೆ. ವಿಷಯ ತಿಳಿದ ಗುರುಗಳು ಮೆಚ್ಚಿ ಹಾಡಿಹೊಗಳಿದರಂತೆ. ಜನ ಹೇಳುತ್ತ ಬಂದ ಕಥೆ ಇದು. 'ಬಂದೇ ನವಾಜ್' ಎಂದರೆ ಇನ್ನೊಂದು ಅರ್ಥ. 'ಬಂದಾ' ಎಂದರೆ ಸೇವಕ, ದೇವರ ಆಳು. ಆಳುಗಳ ಮೇಲೆ ಕರುಣೆ ಇಟ್ಟವರು ಬಂದೇ ನವಾಜ್.

1356ರಲ್ಲಿ ಗುರುಗಳು ತೀರಿಕೊಂಡರು. ತಮ್ಮ ಗುರುವಿನಿಂದ ಬಂದ ನಿಲುವಂಗಿ, ಊರುಗೋಲು ಮುಂತಾದವನ್ನು ಯಾರಿಗೂ ಕೊಡದೆ, ತಮ್ಮೊಂದಿಗೇ ಹೂಳಬೇಕೆಂದು ಅವರು ಹೇಳಿದ್ದರು. ಗುರುಗಳ ದೇಹಕ್ಕೆ ಸ್ನಾನ ಮಾಡಿಸಿದವರು ಗೇಸುದರಾಜರು. ಸ್ನಾನ ಮಾಡಿಸಿದ ಆ ಮಂಚದ ಹಗ್ಗವನ್ನು ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡು, ತಮಗೆ ಗುರುಗಳು ಕೊಟ್ಟ ನಿಲುವಂಗಿ ಇದೇ ಎಂದರಂತೆ. ಪೀಠಕ್ಕಾಗಿ, ಪಟ್ಟಕ್ಕಾಗಿ ಜಗಳವಾಡುವವರನ್ನು ನಾವು ಕಂಡಿದ್ದೇವೆ. ಇವರಿಗೆ ಒಂದು ಹಳೆಯ ಹಗ್ಗ ಸಾಕಾಯಿತು.

ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಅವರು ದೆಹಲಿಯಲ್ಲೇ ಜನರಿಗೆ ದಾರಿ ತೋರಿಸುತ್ತ ಇದ್ದರು. ನಲವತ್ತು ದಾಟಿದ ಮೇಲೆ ತಾಯಿಯ ಒತ್ತಾಯಕ್ಕೆ ಮಣಿದು ಮದುವೆಯಾದರು. ಮಕ್ಕಳಾದರು. ಇನ್ನು ವಿಶ್ರಾಂತಿ ಎನ್ನುವ ವಯಸ್ಸು ಬಂತು.

ಎರಡನೆಯ ಪ್ರಯಾಣ

1398ರ ಡಿಸೆಂಬರ್. ಮಧ್ಯ ಏಷ್ಯಾದಿಂದ ತೈಮೂರನ ಸೈನ್ಯ ದೆಹಲಿಗೆ ಬಂದಿತು. ಆ ಲೂಟಿ, ಆ ಕೊಲೆ ಎಂಥದೆಂದರೆ ದೆಹಲಿ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಅದೇ ತಿಂಗಳಲ್ಲಿ ಗೇಸುದರಾಜರು ಮನೆಮಂದಿ, ಶಿಷ್ಯರೊಂದಿಗೆ ದೆಹಲಿ ಬಿಟ್ಟು ಹೊರಟರು. ವಯಸ್ಸು ಎಪ್ಪತ್ತೇಳು.

ಗ್ವಾಲಿಯರ್, ಚಂದೇರಿ, ಬರೋಡಾ, ಖಂಭಾತ್ ಹೀಗೆ ಊರಿಂದ ಊರಿಗೆ ಸಾಗಿದರು. ಎಲ್ಲೆಲ್ಲಿ ನಿಂತರೋ ಅಲ್ಲಲ್ಲಿ ಜನ ಸೇರಿದರು, ಪ್ರಶ್ನೆ ಕೇಳಿದರು. ಇವರು ಉತ್ತರ ಹೇಳಿದರು. ಹಿರಿಯ ಮಗ ಸೈಯದ್ ಅಕ್ಬರ್ ಹುಸೈನಿ ಆ ಮಾತುಗಳನ್ನು ದಿನಾಂಕದ ಸಮೇತ ಬರೆದಿಟ್ಟುಕೊಂಡರು. 'ಜವಾಮಿ ಉಲ್ ಕಲಿಮ್' ಎಂಬ ಪಾರಸಿ ಪುಸ್ತಕ ಹುಟ್ಟಿದ್ದು ಹೀಗೆ. ಮನೆ ಕಳೆದುಕೊಂಡ ಮುದುಕ ತಂದೆ ಮಾತಾಡುತ್ತಿದ್ದಾರೆ, ಮಗ ಬರೆದುಕೊಳ್ಳುತ್ತಿದ್ದಾನೆ. ಆ ಪುಸ್ತಕ ಇಲ್ಲದಿದ್ದರೆ ಅವರ ದಿನದಿನದ ಮಾತು ಇಂದು ನಮಗೆ ಸಿಗುತ್ತಿರಲಿಲ್ಲ.

ಕೊನೆಗೆ ದೌಲತಾಬಾದ್. ಎಪ್ಪತ್ತು ವರ್ಷಗಳ ಹಿಂದೆ ಬಂದಿದ್ದ ಅದೇ ಊರು. ಪಕ್ಕದ ಖುಲ್ದಾಬಾದಿನಲ್ಲಿ ತಂದೆಯ ಸಮಾಧಿ. ಹತ್ತು ವರ್ಷದ ಹುಡುಗನಾಗಿದ್ದಾಗ ಅತ್ತ ಜಾಗಕ್ಕೆ ತಲೆ ನರೆತ ಮಗ ಮರಳಿ ಬಂದರು. ಅಲ್ಲಿಂದ ಬಹಮನಿ ಸುಲ್ತಾನ್ ಫಿರೋಜ್ ಷಾನ ಆಹ್ವಾನದ ಮೇರೆಗೆ ಅವರು ಗುಲಬರ್ಗಾಕ್ಕೆ, ಅಂದರೆ ನಮ್ಮ ಕಲಬುರಗಿಗೆ, 1400ರ ಸುಮಾರಿಗೆ ಬಂದರು.

ಸುಲ್ತಾನನ ಮುಂದೆ

ಫಿರೋಜ್ ಷಾ ಸಾಮಾನ್ಯ ಅರಸನಲ್ಲ. ಹಲವು ಭಾಷೆ ಬಲ್ಲವನು, ಖಗೋಳ ಶಾಸ್ತ್ರದಲ್ಲಿ ಆಸಕ್ತಿ ಇದ್ದವನು. ಭೀಮಾ ನದಿಯ ದಡದಲ್ಲಿ ಫಿರೋಜಾಬಾದ್ ಎಂಬ ಹೊಸ ಪಟ್ಟಣವನ್ನೇ ಕಟ್ಟಿಸಿದವನು. ಮೊದಲು ಸಂತರನ್ನು ಗೌರವದಿಂದ ಬರಮಾಡಿಕೊಂಡ. ಆದರೆ ಅವರಿಬ್ಬರ ಮನಸ್ಸು ಕೂಡಿ ಬರಲಿಲ್ಲ. ಸುಲ್ತಾನನ ತಮ್ಮ ಅಹ್ಮದನಿಗೆ ಮಾತ್ರ ಸಂತರಲ್ಲಿ ತುಂಬು ಭಕ್ತಿ.

ಈ ವಿಷಯವನ್ನು ಬರೆದಿಟ್ಟವನು ಫಿರಿಶ್ತಾ. ವಿಜಯಪುರದ ಆದಿಲ್ ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ. ಸುಲ್ತಾನ ತನ್ನ ಮಗ ಹಸನನಿಗೆ ಪಟ್ಟ ಕಟ್ಟಲು ನಿರ್ಧರಿಸಿ, ಮಗನಿಗೆ ಆಶೀರ್ವಾದ ಮಾಡಬೇಕೆಂದು ಸಂತರಲ್ಲಿಗೆ ಹೇಳಿಕಳುಹಿಸಿದ. ಸಂತರು ಒಪ್ಪಲಿಲ್ಲ. ಸಿಂಹಾಸನ ಅಹ್ಮದನಿಗೆ ಸೇರುವುದೆಂದು ದೈವ ನಿಶ್ಚಯಿಸಿದೆ ಎಂದರು. ಸುಲ್ತಾನನಿಗೆ ಕೋಪ ಬಂತು. ಕೋಟೆಯ ಹತ್ತಿರ ನಿಮ್ಮಲ್ಲಿಗೆ ಬರುವವರ ಗದ್ದಲ ಹೆಚ್ಚಾಗಿದೆ, ಊರ ಹೊರಗೆ ಹೋಗಿ ಎಂಬ ಅಪ್ಪಣೆ ಬಂತು. ವೃದ್ಧ ಸಂತರು ವಾದಕ್ಕೆ ನಿಲ್ಲದೆ ಕೋಟೆಯಿಂದ ದೂರಕ್ಕೆ ಹೋಗಿ ನೆಲೆಸಿದರು. ಇಂದು ದರ್ಗಾ ಇರುವುದು ಆ ಹೊಸ ಜಾಗದಲ್ಲೇ. ಗದ್ದಲ ಬೇಡವೆಂದು ಕಳುಹಿಸಿದ ಜಾಗಕ್ಕೆ ಆರು ಶತಮಾನಗಳಿಂದ ಜನ ಬರುತ್ತಲೇ ಇದ್ದಾರೆ!

1422ರಲ್ಲಿ ಫಿರೋಜ್ ಷಾ ಅಧಿಕಾರ ಕಳೆದುಕೊಂಡ. ಅಹ್ಮದ್ ಸುಲ್ತಾನನಾದ. ಕೆಲವೇ ದಿನಗಳಲ್ಲಿ ಫಿರೋಜ್ ಷಾ ತೀರಿಕೊಂಡ. ಅದಾದ ಕೆಲವೇ ವಾರಗಳಲ್ಲಿ, 1422ರ ನವೆಂಬರ್ 1ರಂದು, ಬಂದೇ ನವಾಜರೂ ಕಣ್ಣು ಮುಚ್ಚಿದರು. ಅವರ ಸಮಾಧಿಯ ಮೇಲೆ ಗುಮ್ಮಟ ಕಟ್ಟಿಸಿದವನು ಅಹ್ಮದ್ ಷಾ.

ಅವರು ನಂಬಿದ್ದೇನು?

ಕಲಬುರಗಿಯಲ್ಲಿ ಅವರು ಕಳೆದದ್ದು ಇಪ್ಪತ್ತೆರಡು ವರ್ಷ. ಆ ಇಳಿವಯಸ್ಸಿನಲ್ಲೂ ಪಾಠ ಹೇಳುತ್ತಿದ್ದರು, ಗ್ರಂಥ ರಚಿಸುತ್ತಿದ್ದರು. ನೂರಕ್ಕೂ ಹೆಚ್ಚು ಕೃತಿಗಳು ಅವರ ಹೆಸರಿನಲ್ಲಿವೆ. ಈ ನಡುವೆ 1409ರಲ್ಲಿ, ದಾರಿಯುದ್ದಕ್ಕೂ ತಂದೆಯ ಮಾತು ಬರೆದಿಟ್ಟ ಹಿರಿಯ ಮಗ ಅಕ್ಬರ್ ಹುಸೈನಿ ತಂದೆಗಿಂತ ಮುಂಚೆಯೇ ತೀರಿಕೊಂಡರು. ಆ ದುಃಖದ ನಂತರವೂ ಸಂತರು ಹದಿಮೂರು ವರ್ಷ ತಮ್ಮ ಕೆಲಸ ಮುಂದುವರಿಸಿದರು.

ಅವರು ತಮ್ಮ ಧರ್ಮದ ನಿಯಮಗಳಲ್ಲಿ ಬಹಳ ಕಟ್ಟುನಿಟ್ಟು. ನಮಾಜು ಬಿಟ್ಟು ಧ್ಯಾನ ಮಾಡುತ್ತೇನೆ ಎನ್ನುವವರನ್ನು ಒಪ್ಪುತ್ತಿರಲಿಲ್ಲ. ಇರುವುದೆಲ್ಲ ದೇವರೇ ಎಂಬ ಅರ್ಥದ ಮಾತನ್ನು ಇಬ್ನ್ ಅರಬಿ ಎಂಬ ದೊಡ್ಡ ಸೂಫಿ ಚಿಂತಕರು ಹೇಳಿದ್ದರು. ಬಂದೇ ನವಾಜರು ಅದನ್ನು ಟೀಕಿಸಿದರು. ದೇವರು ನಮ್ಮ ಕಲ್ಪನೆಗೂ ಆಚೆ, ಆ ಆಚೆಗೂ ಆಚೆ ಇರುವವನು ಎಂಬುದು ಅವರ ನಿಲುವು. ಜಗಲಿಯ ಮೇಲೆ ಕೂತು ದ್ವೈತ ಅದ್ವೈತದ ಚರ್ಚೆ ಕೇಳಿದ ಹಿರಿಯರಿಗೆ ಇದು ಹೊಸದೆನಿಸದು. ಅವರು ಸಂಸ್ಕೃತ ಗ್ರಂಥಗಳನ್ನೂ ತಿಳಿದುಕೊಂಡಿದ್ದರು, ಪಂಡಿತರೊಡನೆ ವಾದ ಮಾಡುತ್ತಿದ್ದರು. ತಮ್ಮ ಮಾರ್ಗವೇ ಸರಿಯೆಂಬುದು ಅವರ ನಂಬಿಕೆ. ಆದರೆ ಎದುರಿನವನು ಏನು ಹೇಳುತ್ತಾನೆ ಎಂಬುದನ್ನು ಓದದೆ ವಾದಕ್ಕೆ ಕೂಡುತ್ತಿರಲಿಲ್ಲ. ಇದು ನಾನು ಅವರಿಂದ ಕಲಿತ ಪಾಠ.

ಇನ್ನೊಂದು ಮುಖ್ಯ ವಿಷಯ ಭಾಷೆಯದು. ವಿದ್ವಾಂಸರ ಭಾಷೆ ಅರಬ್ಬಿ, ಪಾರಸಿ. ಆದರೆ ಹಿಂದವಿ ಹಾಡುಗಳು ಮೃದುವಾದವು, ಮನಸ್ಸನ್ನು ಕರಗಿಸುವಂಥವು ಎಂದು ಅವರು ಮೆಚ್ಚಿಕೊಂಡಿದ್ದರು. ದಖ್ಖನಿನಲ್ಲಿ ಈ ಜನರ ಮಾತೇ ಮುಂದೆ 'ದಖನಿ' ಎಂದು ಬೆಳೆಯಿತು. ಹೆಣ್ಣುಮಕ್ಕಳು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ಹಾಡುವ 'ಚಕ್ಕಿನಾಮ' ಎಂಬ ದಖನಿ ಹಾಡುಗಳಿವೆ. ಅವುಗಳಲ್ಲಿ ಒಂದು ಬಂದೇ ನವಾಜರ ಹೆಸರು ಹೊತ್ತಿದೆ. ಬೀಸುಕಲ್ಲಿನ ನೆಟ್ಟಗಿನ ಗೂಟವನ್ನು 'ಅಲ್ಲಾಹ್' ಪದದ ಮೊದಲ ಅಕ್ಷರವಾದ ಅಲಿಫ್‌ಗೆ ಹೋಲಿಸುವ ಹಾಡುಗಳು ಅವು. ಆ ಅಕ್ಷರವೂ ನೆಟ್ಟಗೆ ನಿಂತ ಗೆರೆಯೇ. ಹಿಟ್ಟು ಬೀಸುತ್ತಲೇ ದೇವರ ಸ್ಮರಣೆ. ಕನ್ನಡದ ಬೀಸುವ ಪದಗಳನ್ನು ಕೇಳಿ ಬೆಳೆದ ಅಜ್ಜಿಯರಿಗೆ ಇದರ ರುಚಿ ನಾನು ಹೇಳಬೇಕಾಗಿಲ್ಲ.

ಉರುಸು ಮತ್ತು ಒಂದು ಲೆಕ್ಕ

ಪ್ರತಿ ವರ್ಷ ಇಸ್ಲಾಮಿ ಪಂಚಾಂಗದ ಜಿಲ್ಕಾದ್ ತಿಂಗಳ 15ರಿಂದ ಮೂರು ದಿನ ಕಲಬುರಗಿಯಲ್ಲಿ ಉರುಸು ನಡೆಯುತ್ತದೆ. ಗಂಧದ ಮೆರವಣಿಗೆ, ದೀಪಗಳು, ಕವ್ವಾಲಿ. ಹಿಂದೂಗಳೂ ಮುಸ್ಲಿಮರೂ ಸೇರಿ ಬರುತ್ತಾರೆ. ಹೂವು, ಸಕ್ಕರೆ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಾಗ ಯಾರು ಯಾವ ಜಾತಿ ಎಂದು ಕೇಳುವವರು ನನಗೆ ಸಿಕ್ಕಿಲ್ಲ. ಗುಮ್ಮಟದ ಒಳಭಾಗದ ಬಣ್ಣದ ಚಿತ್ತಾರ ನೋಡುವಂಥದ್ದು.

ಮಕ್ಕಳೇ, ಈಗ ನಿಮಗೊಂದು ಲೆಕ್ಕ. ಬಂದೇ ನವಾಜರು 1321ರಿಂದ 1422ರವರೆಗೆ ಬದುಕಿದರು. ಅಂದರೆ 101 ವರ್ಷ. ಆದರೆ ಮುಸ್ಲಿಂ ಹಿರಿಯರು 104 ಎನ್ನುತ್ತಾರೆ. ಯಾರು ಸರಿ? ಇಬ್ಬರೂ ಸರಿ! ಇಸ್ಲಾಮಿ ವರ್ಷ ಚಂದ್ರನನ್ನು ಅನುಸರಿಸುತ್ತದೆ. ಅದಕ್ಕೆ ಸುಮಾರು 354 ದಿನ. ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಕಡಿಮೆ. 101 ವರ್ಷಗಳಲ್ಲಿ ಈ ಹನ್ನೊಂದು ದಿನಗಳೆಲ್ಲ ಕೂಡಿ ಎಷ್ಟಾಗುತ್ತವೆ? ನೀವೇ ಮಾಡಿ ನೋಡಿ. ಉರುಸು ಒಂದು ವರ್ಷ ಬೇಸಿಗೆಯಲ್ಲಿ, ಇನ್ನು ಕೆಲವು ವರ್ಷಗಳ ನಂತರ ಚಳಿಯಲ್ಲಿ ಬರುವುದೂ ಇದೇ ಕಾರಣಕ್ಕೆ.

ಹಿರಿಯರಿಗೆ ಒಂದು ಮಾತು

ನನಗೀಗ ಎಪ್ಪತ್ತನಾಲ್ಕು. ಹೋದ ವರ್ಷ ಮಗನ ಮಾತಿಗೆ ಒಪ್ಪಿ ಬೆಂಗಳೂರಿಗೆ ಬಂದಿದ್ದೇನೆ. ನನ್ನ ಹಾಗೆ ಊರು ಬಿಟ್ಟು ಮಕ್ಕಳ ಮನೆ ಸೇರಿದ ಹಿರಿಯರು ಎಷ್ಟೋ ಮಂದಿ ಈ ಪುಟ ಓದುತ್ತಿರಬಹುದು. ನೆರೆಯವರ ಪರಿಚಯವಿಲ್ಲ, ಜಗಲಿಯಿಲ್ಲ, ನಮ್ಮ ಕಡೆಯ ಮಾತು ಕಿವಿಗೆ ಬೀಳುವುದಿಲ್ಲ. ಮೊದಲ ತಿಂಗಳು ಕಿಟಕಿಯ ಹತ್ತಿರ ಕೂತು ಕೂತು ದಿನ ಕಳೆದೆ. ನಮ್ಮ ಕಷ್ಟವನ್ನು ಅವರ ಕಷ್ಟಕ್ಕೆ ಹೋಲಿಸಲಾಗದು. ಅವರ ಬೆನ್ನಿಗೆ ತೈಮೂರನ ಸೈನ್ಯವಿತ್ತು, ನನ್ನ ಬೆನ್ನಿಗೆ ಸಾಮಾನಿನ ಲಾರಿ ಮಾತ್ರ. ಆದರೂ ಎಪ್ಪತ್ತೇಳರಲ್ಲಿ ಹೊರಟು, ಗೊತ್ತಿಲ್ಲದ ಊರಿನಲ್ಲಿ ಮತ್ತೆ ಪಾಠ ಶುರುಮಾಡಿದ ಆ ಹಿರಿಯರು ಆಗ ನೆನಪಾದರು.

ಈಗ ಸಂಜೆ ಐದಕ್ಕೆ ಕೆಳಗಿನ ಹೊಂಗೆ ಮರದ ಕಟ್ಟೆಯ ಮೇಲೆ ಏಳೆಂಟು ಮಕ್ಕಳು ಸೇರುತ್ತಾರೆ. ಇಲ್ಲಿ ಎಲ್ಲರೂ 'ತಾತ' ಎನ್ನುತ್ತಾರೆ. ನಮ್ಮ ಕಡೆ 'ಮುತ್ಯಾ' ಅಂತಾರೆ ಎಂದು ಹೇಳಿಕೊಟ್ಟಿದ್ದೇನೆ. "ಮುತ್ಯಾ, ಇವತ್ತು ಯಾವ ರಾಜನ ಕಥೆ?" ಎಂದು ಕೇಳುತ್ತಾರೆ. ಅವರ ಬಾಯಲ್ಲಿ ಆ ಮಾತು ಸ್ವಲ್ಪ ಬೇರೆಯಾಗಿ ಕೇಳುತ್ತದೆ. ಆದರೂ ಹಿತವಾಗಿದೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ಅಜ್ಜ ಅಜ್ಜಿಯ ಪಕ್ಕದಲ್ಲಿ ಒಂದು ನೋಟುಪುಸ್ತಕ ಹಿಡಿದು ಕೂಡಿ. ಅವರು ಯಾವ ಯಾವ ಊರುಗಳಲ್ಲಿ ಇದ್ದರು, ಒಂದೊಂದು ಊರು ಬಿಡುವಾಗ ಏನನ್ನು ಜೊತೆಗೆ ತಂದರು, ಏನನ್ನು ಅಲ್ಲೇ ಬಿಟ್ಟು ಬಂದರು ಎಂದು ಕೇಳಿ. ಹೇಳಿದ್ದನ್ನೆಲ್ಲ ಅಕ್ಬರ್ ಹುಸೈನಿಯವರ ಹಾಗೆ ದಿನಾಂಕ ಹಾಕಿ ಬರೆದಿಡಿ.